ಮಕ್ಕಳ ಟ್ರಾವೆಲ್ ಇನ್ಶೂರೆನ್ಸ್: ಎರಡು ಸಲ ಕೈ ಸುಟ್ಟುಕೊಂಡೆವು, ಮೂರನೇ ಸಲ ದುಡ್ಡು ವಾಪಸ್ ಬಂತು

2024ರ ಜುಲೈ ಕೊನೆಯಲ್ಲಿ ಇನ್ಶೂರೆನ್ಸ್ ಕಂಪನಿಯಿಂದ ನಮ್ಮ ಖಾತೆಗೆ 71 ಸಾವಿರ ಚಿಲ್ಲರೆ ಬಂದು ಬಿತ್ತು. ಸ್ವಿಟ್ಜರ್‌ಲ್ಯಾಂಡಿನ ಲುಸರ್ನ್‌ನಲ್ಲಿ ಮಗನ ಕೈಗೆ ಪ್ಲಾಸ್ಟರ್ ಹಾಕಿಸಲು ನಾವು ಕಟ್ಟಿದ್ದ ದುಡ್ಡು ಅದು. ಬ್ಯಾಂಕಿನ ಮೆಸೇಜನ್ನು ನಾನು ಮೊದಲು ಕಳಿಸಿದ್ದು ಮೈದುನನಿಗೆ. "ಅತ್ತಿಗೆ, ವೀಸಾ ಫೈಲಿಗೆ ಒಂದು ಇನ್ಶೂರೆನ್ಸ್ ಕಾಗದ ಬೇಕು ಅಷ್ಟೇ. ಅದಕ್ಕೆ ಯಾಕೆ ಮೂರು ವಾರ ತಲೆ ಕೆಡಿಸಿಕೊಳ್ತೀರಿ?" ಅಂದಿದ್ದವನು ಅವನೇ. ಟ್ರಾವೆಲ್ ಏಜೆಂಟ್ ಕೂಡ ಅದನ್ನೇ ಹೇಳಿದ್ದರು. ನಮ್ಮೆಜಮಾನ್ರು ಬಾಯಿಬಿಟ್ಟು ಹೇಳಲಿಲ್ಲ, ಆದ್ರೆ ಅವರ ಮುಖದಲ್ಲೂ ಅದೇ ಮಾತಿತ್ತು. ಈಗ ಮೂವರೂ ಪಾಲಿಸಿ ತಗೊಳ್ಳುವ ಮುಂಚೆ ನನ್ನನ್ನು ಕೇಳುತ್ತಾರೆ.

ಮೊದಲ ಪೆಟ್ಟು ಬಿದ್ದಿದ್ದು 2019ರಲ್ಲಿ, ಸಿಂಗಪುರದಲ್ಲಿ. ಮಗಳಿಗೆ ಐದು ವರ್ಷ, ಮಗನಿಗೆ ಎರಡು. ಎರಡನೇ ದಿನ ರಾತ್ರಿ ಮಗಳಿಗೆ ಕಿವಿನೋವು, ಜ್ವರ. ಹೋಟೆಲ್ ಹತ್ರದ ಕ್ಲಿನಿಕ್‌ನಲ್ಲಿ ತೋರಿಸಿದೆವು. ಡಾಕ್ಟರ್ ಫೀಸು, ಔಷಧಿ ಎಲ್ಲಾ ಸೇರಿ 130 ಸಿಂಗಪುರ ಡಾಲರ್ ಆಸುಪಾಸು, ನಮ್ಮ ದುಡ್ಡಲ್ಲಿ ಆರೂವರೆ ಸಾವಿರ. ಪಾಲಿಸಿ ಇದೆಯಲ್ಲ ಅಂತ ಧೈರ್ಯವಾಗಿದ್ದೆವು. ಊರಿಗೆ ಬಂದು ಕ್ಲೇಮ್ ಹಾಕಿದರೆ ಗೊತ್ತಾಗಿದ್ದು, ಡಿಡಕ್ಟಿಬಲ್ಲೇ (ಬಿಲ್ಲಿನಲ್ಲಿ ಮೊದಲು ನಾವೇ ಹೊರಬೇಕಾದ ಮೊತ್ತ) 100 ಅಮೆರಿಕನ್ ಡಾಲರ್. ಆಗಿನ ಲೆಕ್ಕಕ್ಕೆ ಏಳು ಸಾವಿರ. ಅಂದ್ರೆ ನಮ್ಮ ಬಿಲ್ಲು ಅವರ ಹೊಸಿಲನ್ನೂ ದಾಟಿರಲಿಲ್ಲ. 50 ಸಾವಿರ ಡಾಲರ್ ಕವರ್ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದ ಪಾಲಿಸಿಯಿಂದ ಒಂದು ರೂಪಾಯಿಯೂ ಬರಲಿಲ್ಲ.

ಎರಡನೆಯದು ನಿಜಕ್ಕೂ ಹೊಟ್ಟೆ ಉರಿಸಿತು. 2022ರಲ್ಲಿ ನ್ಯೂಜೆರ್ಸಿಯಲ್ಲಿರುವ ಅಣ್ಣನ ಮನೆಗೆ ಹೋಗಿದ್ದೆವು. ನವೆಂಬರ್ ಚಳಿ. ಮಗಳಿಗೆ ಚಿಕ್ಕಂದಿನಿಂದ ಆಗಾಗ ವೀಜಿಂಗ್ (ಎದೆ ಕಟ್ಟಿ ಉಸಿರಾಟಕ್ಕೆ ಕಷ್ಟ ಆಗೋದು) ಇದೆ, ಮೈಸೂರಲ್ಲಿ ಇನ್‌ಹೇಲರ್‌ನಲ್ಲೇ ಹಿಡಿತಕ್ಕೆ ಬರುತ್ತಿತ್ತು. ಅಲ್ಲಿ ಬರಲಿಲ್ಲ. ರಾತ್ರಿ ಹನ್ನೊಂದಕ್ಕೆ ಎಮರ್ಜೆನ್ಸಿಗೆ ಓಡಿದೆವು. ನೆಬುಲೈಸರ್ ಕೊಟ್ಟು ಮೂರು ಗಂಟೆ ಇಟ್ಟುಕೊಂಡು ಕಳಿಸಿದರು. ಬಿಲ್ಲು 1,900 ಡಾಲರ್ ಆಸುಪಾಸು. "ಮುಂಚೆ ಹೀಗೆ ಆಗಿತ್ತಾ?" ಅಂತ ನರ್ಸ್ ಕೇಳಿದಾಗ ಅಣ್ಣ ಇದ್ದದ್ದನ್ನು ಹೇಳಿದ, ಎರಡು ವರ್ಷದವಳಿದ್ದಾಗಿಂದ ಇದೆ ಅಂತ. ಅದು ರಿಪೋರ್ಟಿನ ಎರಡನೇ ಸಾಲಿನಲ್ಲೇ ಬಂತು. ನಮ್ಮ ಪಾಲಿಸಿ ಫಾರಂ ತುಂಬಿದ್ದವರು ಹಳೇ ಕಾಯಿಲೆ ಅನ್ನೋ ಕಡೆಯೆಲ್ಲ "ಇಲ್ಲ" ಅಂತ ಟಿಕ್ ಹೊಡೆದಿದ್ದರು. ನಾನು ಓದದೆ ಓಟಿಪಿ ಕೊಟ್ಟಿದ್ದೆ. ಕ್ಲೇಮ್ ಪೂರ್ತಿ ವಜಾ. ಅಣ್ಣ ಆಸ್ಪತ್ರೆಯ ಬಿಲ್ಲಿಂಗ್‌ನವರಿಗೆ ಫೋನ್ ಮಾಡಿ, ಇನ್ಶೂರೆನ್ಸ್ ಇಲ್ಲ, ಕೈಯಿಂದಲೇ ಒಂದೇ ಸಲಕ್ಕೆ ಕಟ್ತೀವಿ ಅಂತ ಮಾತಾಡಿ 1,200ಕ್ಕೆ ಇಳಿಸಿದ. ಅಮೆರಿಕದಲ್ಲಿ ಹಾಗೆ ಕೇಳಬಹುದು, ಕೇಳಲೇಬೇಕು. ಆದರೂ ಸುಮಾರು ಒಂದು ಲಕ್ಷ ಹೋಯಿತು.

2024ರ ಮೇಗೆ ಸ್ವಿಟ್ಜರ್‌ಲ್ಯಾಂಡ್ ಅಂತ ನಿಶ್ಚಯ ಆದಾಗ, ಈ ಸಲ ಪಾಲಿಸಿ ನಾನೇ ಆರಿಸ್ತೀನಿ ಅಂತ ಹೇಳಿಬಿಟ್ಟೆ.

ನನ್ನ ಲೆಕ್ಕ ಇಷ್ಟೇ. ಮಕ್ಕಳಿಗೆ ಹೊರಗೆ ಹೋದಾಗ ಆಗೋದು ಏನು? ಜ್ವರ, ಕಿವಿನೋವು, ವಾಂತಿ, ಹಲ್ಲುನೋವು, ಬಿದ್ದು ಗಾಯ. ಅಡ್ಮಿಟ್ ಆಗೋದು ಕಮ್ಮಿ. ಡಾಕ್ಟರ್ ಹತ್ರ ಹೋಗಿ ಎರಡು ಗಂಟೆಯಲ್ಲಿ ವಾಪಸ್ ಬರೋದೇ ಜಾಸ್ತಿ. ಆದ್ರೆ ಕಂಪನಿಯವರೆಲ್ಲ ತೋರಿಸೋದು ಒಂದು ಲಕ್ಷ ಡಾಲರ್, ಎರಡೂವರೆ ಲಕ್ಷ ಡಾಲರ್ ಕವರ್ ಅಂತ. ಶೆಂಗೆನ್ ವೀಸಾಗೆ (ಸ್ವಿಟ್ಜರ್‌ಲ್ಯಾಂಡೂ ಸೇರಿ ಯೂರೋಪಿನ ಹಲವು ದೇಶಗಳಿಗೆ ಇರೋ ಒಂದೇ ವೀಸಾ) 30 ಸಾವಿರ ಯೂರೋ ಕವರ್ ಸಾಕು, ಕೈಗೂಸಿಗೂ ಬೇಕು. 50 ಸಾವಿರ ಡಾಲರ್ ಪಾಲಿಸಿ ಅದನ್ನು ಆರಾಮಾಗಿ ದಾಟುತ್ತೆ. ಅಲ್ಲಿಂದ ಮೇಲೆ ಮೊತ್ತದ ಬೆನ್ನು ಹತ್ತೋದನ್ನು ನಾನು ಬಿಟ್ಟೆ (ಅಮೆರಿಕಕ್ಕಾದರೆ ಬಿಡಲ್ಲ, ಅಲ್ಲಿನ ಬಿಲ್ಲೇ ಬೇರೆ). ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಗೆರೆ ಎಳೆದೆ: ಡಿಡಕ್ಟಿಬಲ್ ಎಷ್ಟು, ಅಡ್ಮಿಟ್ ಆಗದೆ ತೋರಿಸಿದರೆ ಕೊಡ್ತಾರಾ, ಹಳೇ ಕಾಯಿಲೆಗೆ ಎಷ್ಟು, ಹಲ್ಲಿಗೆ ಎಷ್ಟು. ಐದು ಕಂಪನಿಗಳ ಪಾಲಿಸಿ ವರ್ಡಿಂಗ್, ಅಂದ್ರೆ ಷರತ್ತುಗಳೆಲ್ಲ ಇರೋ ಪೂರ್ತಿ ಪ್ರತಿ, ಇಳಿಸಿಕೊಂಡು ಓದಿದೆ. ಬ್ರೋಷರ್ ಅಲ್ಲ, ವರ್ಡಿಂಗ್. ಒಂದೊಂದೂ ನಲವತ್ತು ಪುಟದ ಮೇಲೆ. ರಾತ್ರಿ ಮಕ್ಕಳು ಮಲಗಿದ ಮೇಲೆ ದಿನಕ್ಕೆ ಹತ್ತು ಪುಟ.

ಓದುವಾಗ ಇನ್ನೊಂದು ಸಿಕ್ಕಿತು. ಏಜೆಂಟ್ ಕೊಟ್ಟಿದ್ದು ಫ್ಯಾಮಿಲಿ ಫ್ಲೋಟರ್, ನಮ್ಮ ನಾಲ್ಕು ಜನರ ಜೊತೆ ಅತ್ತೆಯೂ ಅದರಲ್ಲೇ. ಮೊತ್ತ ಐದು ಜನರಿಗೂ ಸೇರಿ ಒಂದೇ, ಪ್ರೀಮಿಯಂ ಮಾತ್ರ ಎಲ್ಲರಿಗಿಂತ ಹಿರಿಯರ ವಯಸ್ಸಿನ ಮೇಲೆ. ಅತ್ತೆಗೆ 66. ಮಕ್ಕಳ ಪ್ರೀಮಿಯಂ ಕೂಡ ಆ ವಯಸ್ಸಿನ ಲೆಕ್ಕಕ್ಕೆ ಏರಿ ಕೂತಿತ್ತು! ಅತ್ತೆಗೆ ಬೇರೆ ಪಾಲಿಸಿ ಮಾಡಿಸಿದೆ, ನಮಗೆ ನಾಲ್ವರಿಗೂ ಒಬ್ಬೊಬ್ಬರಿಗೆ ಒಂದೊಂದು. ಡಿಡಕ್ಟಿಬಲ್ ಸೊನ್ನೆ. ನಾಲ್ವರಿಗೆ ಸೇರಿ ಏಳು ಸಾವಿರದ ಚಿಲ್ಲರೆ ಆಯಿತು ಅಂತ ನೆನಪು. ಅತ್ತೆಯನ್ನು ಬಿಟ್ಟು ನಮ್ಮ ನಾಲ್ವರಿಗೇ ಫ್ಲೋಟರ್ ತಗೊಂಡಿದ್ದರೆ ನಾಲ್ಕು ಸಾವಿರದ ಹತ್ರ ಮುಗಿಯುತ್ತಿತ್ತು, ಆದ್ರೆ ಮೊತ್ತ ನಾಲ್ವರಿಗೂ ಸೇರಿ ಒಂದೇ ಆಗುತ್ತಿತ್ತು. ಮೂರು ಸಾವಿರ ಜಾಸ್ತಿ ಕೊಟ್ಟೆ ಅಂತ ಮೈದುನ ಲೆಕ್ಕ ಹೇಳಿದ.

ನನ್ನ ನಿಜವಾದ ಕೆಲಸ ಮೇಲ್ ಬರೆದಿದ್ದು. ಐದೂ ಕಂಪನಿಗೆ ಒಂದೇ ಮೇಲ್, ಮೂರು ಪ್ರಶ್ನೆ. ಮಗಳಿಗೆ ವೀಜಿಂಗ್ ಇದೆ, ಇನ್‌ಹೇಲರ್ ಬಳಸುತ್ತಾಳೆ, ಅಲ್ಲಿ ಜೋರಾದರೆ ಎಷ್ಟರವರೆಗೆ ಕೊಡ್ತೀರಿ? ಟಿಟ್ಲಿಸ್ ಬೆಟ್ಟದ ಮೇಲೆ ಮಕ್ಕಳು ಟ್ಯೂಬಿನಲ್ಲಿ ಕೂತು ಹಿಮದ ಮೇಲೆ ಜಾರುತ್ತಾರೆ, ಅದು ಸಾಹಸ ಕ್ರೀಡೆ ಅಂತ ಹೊರಗಿಡ್ತೀರಾ? ಅಡ್ಮಿಟ್ ಆಗದೆ ಬರೀ ಡಾಕ್ಟರ್ ಹತ್ರ ತೋರಿಸಿ ಎಕ್ಸ್‌ರೇ ತೆಗೆಸಿದರೆ ಕೊಡ್ತೀರಾ? ಒಬ್ಬರು ಬ್ರೋಷರ್ ಕಳಿಸಿದರು. ಒಬ್ಬರು ಫೋನ್ ಮಾಡಿ "ಎಲ್ಲಾ ಕವರ್ ಆಗುತ್ತೆ ಮೇಡಂ" ಅಂದರು, ಅದನ್ನೇ ಮೇಲ್‌ನಲ್ಲಿ ಬರೆಯಿರಿ ಅಂದೆ, ಬರೆಯಲಿಲ್ಲ. ಒಬ್ಬರಿಂದ ಸದ್ದೇ ಇಲ್ಲ. ಇಬ್ಬರು ಪ್ರಶ್ನೆಗೊಂದು ಉತ್ತರ ಅಂತ ಬರೆದರು. ಆ ಇಬ್ಬರಲ್ಲಿ ಒಬ್ಬರನ್ನು ಆರಿಸಿದೆ. ಹಳೇ ಕಾಯಿಲೆಗೆ, ಜೀವಕ್ಕೆ ಅಪಾಯ ಆಗುವಷ್ಟು ಜೋರಾದರೆ ಮಾತ್ರ, 10 ಸಾವಿರ ಡಾಲರ್‌ವರೆಗೆ ಅಂತ ಬರೆದಿದ್ದರು. ಅದು ಪೂರ್ತಿ ಅಲ್ಲ, ಗೊತ್ತು. ಆದ್ರೆ ನ್ಯೂಜೆರ್ಸಿಯ ಸೊನ್ನೆಗಿಂತ ಎಷ್ಟೋ ಮೇಲು. ಮೇಲ್ ಯಾವ ವಿಳಾಸಕ್ಕೆ ಹಾಕಿದರೆ ಉತ್ತರ ಎರಡು ದಿನದಲ್ಲಿ ಬರುತ್ತೆ ಅನ್ನೋದನ್ನು ನಾನು ಇಲ್ಲಿ ಬರೆಯಲ್ಲ. ಎಲ್ಲರೂ ಅಲ್ಲಿಗೇ ಬರೆದರೆ ಅದೂ ನಿಧಾನ ಆಗುತ್ತೆ. ಕಂಪನಿ ಹೆಸರೂ ಬೇಡ, ನಿಮ್ಮ ಮಗುವಿನ ಕಾಯಿಲೆಗೆ ಇನ್ನೊಬ್ಬರು ಸರಿಹೋಗಬಹುದು.

ಇದರ ಮಧ್ಯೆ ಒಂದು ಪ್ರಯೋಗವನ್ನೂ ಮಾಡಿದೆ. ನಾಲ್ಕು ಕಂಪನಿಗಳ 24 ಗಂಟೆ ಸಹಾಯದ ನಂಬರಿಗೆ ರಾತ್ರಿ ಎರಡಕ್ಕೆ ಅಲಾರಂ ಇಟ್ಟುಕೊಂಡು ಎದ್ದು ಫೋನ್ ಮಾಡಿದೆ. ಒಬ್ಬರು ಒಂದು ನಿಮಿಷದೊಳಗೆ ಎತ್ತಿದರು, ಒಬ್ಬರ ಹಾಡು ಹದಿನೇಳು ನಿಮಿಷ ಕೇಳಿ ಇಟ್ಟೆ. ಟೋಲ್‌ಫ್ರೀ ನಂಬರನ್ನು ಅಣ್ಣನಿಗೆ ಕೊಟ್ಟು ಅಲ್ಲಿಂದ ಮಾಡಿಸಿದೆ, ಎರಡು ಹೋಗಲೇ ಇಲ್ಲ. ನಮ್ಮ ಸಿಮ್ ರೋಮಿಂಗ್‌ನಲ್ಲಿರುವಾಗ ಅದನ್ನು ನಂಬೋ ಹಾಗಿಲ್ಲ, ದುಡ್ಡು ಬೀಳೋ ಸಾಮಾನ್ಯ ನಂಬರನ್ನೂ ಬರೆದುಕೊಳ್ಳಿ. ನಾನು ಅದನ್ನು ಮಕ್ಕಳ ಜರ್ಕಿನ್ ಒಳಜೇಬಿನಲ್ಲಿ, ಪಾಲಿಸಿ ನಂಬರ್ ಜೊತೆ, ಲ್ಯಾಮಿನೇಟ್ ಮಾಡಿಸಿ ಇಟ್ಟೆ.

ಹೆಸರಿನ ಗೋಳು ನಮ್ಮ ಕಡೆಯವರಿಗೆಲ್ಲ ಗೊತ್ತಿರೋದೇ. ಮಗಳ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರು, ಅಪ್ಪನ ಹೆಸರು ಎಲ್ಲಾ ಇದೆ, ಮಗನದ್ದರಲ್ಲಿ ಸರ್‌ನೇಮ್ ಜಾಗ ಖಾಲಿ. ಪಾಲಿಸಿಯಲ್ಲಿ ಇಬ್ಬರದ್ದೂ ಶಾಲೆಯ ಹೆಸರು ಬಂದಿತ್ತು. ವೀಸಾ ಫೈಲ್ ಕೊಡುವ ಮುಂಚೆಯೇ ತಿದ್ದಿಸಿದೆ, ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ, ಒಂದು ಅಕ್ಷರ ಹೆಚ್ಚಿಲ್ಲ ಕಮ್ಮಿ ಇಲ್ಲ.

ಟಿಟ್ಲಿಸ್ ಮೇಲೆ ಇಬ್ಬರೂ ಹತ್ತು ಸಲ ಜಾರಿದರು, ಏನೂ ಆಗಲಿಲ್ಲ. ಆಗಿದ್ದು ಸಂಜೆ ಲುಸರ್ನ್‌ಗೆ ವಾಪಸ್ ಬಂದ ಮೇಲೆ, ದೋಣಿ ಹತ್ತುವ ಕಡೆ. ಮಳೆ ಬಂದು ಮೆಟ್ಟಿಲು ಒದ್ದೆಯಾಗಿತ್ತು. ಮಗ ಎರಡು ಮೆಟ್ಟಿಲು ಒಟ್ಟಿಗೆ ಇಳಿಯಲು ಹೋಗಿ ಎಡಗೈ ಊರಿ ಬಿದ್ದ. ಅಳಲಿಲ್ಲ. ಎಡಗೈಯನ್ನು ಬಲಗೈಲಿ ಹಿಡಿದುಕೊಂಡು "ಅಮ್ಮಾ, ಬೆರಳು ಮಡಿಸೋಕೆ ಆಗ್ತಿಲ್ಲ" ಅಂದ. ಅವನು ಅಳದೇ ಇದ್ದಿದ್ದಕ್ಕೇ ನನಗೆ ಜಾಸ್ತಿ ಭಯ ಆಯಿತು. ಟ್ಯಾಕ್ಸಿ ಹಿಡಿದು ಎಮರ್ಜೆನ್ಸಿಗೆ ಹೋದೆವು. ಕಾಯೋ ಕುರ್ಚಿಯಲ್ಲಿ ಕೂತ ತಕ್ಷಣ ಸಹಾಯದ ನಂಬರಿಗೆ ಫೋನ್ ಮಾಡಿ ರೆಫರೆನ್ಸ್ ನಂಬರ್ ತಗೊಂಡೆ. ಅಡ್ಮಿಟ್ ಇಲ್ಲದಿದ್ದರೆ ಕ್ಯಾಶ್‌ಲೆಸ್ ಆಗಲ್ಲ, ಕಟ್ಟಿ ಆಮೇಲೆ ಕ್ಲೇಮ್ ಮಾಡಿ ಅಂದರು. ಮಣಿಕಟ್ಟಿನ ಮೇಲೆ ಮೂಳೆಯಲ್ಲಿ ಸಣ್ಣ ಬಿರುಕು. ನೀಲಿ ಪ್ಲಾಸ್ಟರ್ ಬೇಕು ಅಂತ ಅವನೇ ಆರಿಸಿದ. ಬಿಲ್ಲು 780 ಸ್ವಿಸ್ ಫ್ರಾಂಕ್, ಫ್ರಾಂಕಿಗೆ ಆಗ 92 ರೂಪಾಯಿ ಇರಬೇಕು.

ವಿಮಾನದ ವಿಷಯ ಒಂದು ಹೇಳಲೇಬೇಕು. ಪ್ಲಾಸ್ಟರ್ ಹಾಕಿ 48 ಗಂಟೆ ಆಗಿಲ್ಲ ಅಂದ್ರೆ ಸಾಮಾನ್ಯವಾಗಿ ವಿಮಾನದವರು ಅದನ್ನು ಉದ್ದಕ್ಕೆ ಸೀಳಿಸಿಕೊಂಡು ಬನ್ನಿ ಅಂತಾರೆ, ಒಳಗೆ ಕೈ ಊದಿಕೊಂಡರೆ ರಕ್ತ ಓಡಾಡಲ್ಲ ಅಂತ. ನಮ್ಮದು ಮೂರು ದಿನ ಆಗಿತ್ತು, ಆದರೂ ಜ್ಯೂರಿಕ್‌ನಲ್ಲಿ ಡಾಕ್ಟರ ಪತ್ರ ಕೇಳಿದರು. ಆಸ್ಪತ್ರೆಯಿಂದ ಹೊರಡುವಾಗಲೇ ಬರೆಸಿಕೊಂಡಿದ್ದೆ. ಹೇಗೆ ಬಿದ್ದ, ಎಲ್ಲಿ ಬಿದ್ದ ಅಂತಲೂ ರಿಪೋರ್ಟಿನಲ್ಲಿ ಸ್ಪಷ್ಟವಾಗಿ ಬರೆಸಿದ್ದೆ, ಮೆಟ್ಟಿಲು ಅಂತ. ಹಿಮ, ಟ್ಯೂಬು ಅಂತ ಯಾರೂ ತಪ್ಪು ತಿಳಿಯಬಾರದಲ್ಲ.

ಒಂದೇ ಒಂದು ಕಡೆ ಎಡವಿದ್ದು ಭಾಷೆಯಲ್ಲಿ. ರಿಪೋರ್ಟು ಪೂರ್ತಿ ಜರ್ಮನ್. ಇಂಗ್ಲಿಷಿನಲ್ಲಿ ಕೇಳೋದು ನನಗೆ ಹೊಳೆಯಲಿಲ್ಲ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯುತ್ತಿರುವ ಅಕ್ಕನ ಮಗಳು ಅನುವಾದ ಮಾಡಿಕೊಟ್ಟಳು, ಕಂಪನಿಯವರು ಅದು ನಡೆಯಲ್ಲ, ಸೀಲ್ ಹಾಕಿದ ಅನುವಾದ ಬೇಕು ಅಂದರು. ಅದಕ್ಕೆ ಎರಡೂವರೆ ಸಾವಿರ, ಹತ್ತು ದಿನ. ಆಮೇಲೆ ಬೋರ್ಡಿಂಗ್ ಪಾಸ್ ಕೇಳಿದರು, ಮಗನದ್ದು ಬೇರೆಯೇ ಇಟ್ಟಿದ್ದೆ, ಕಳಿಸಿದೆ. ಟ್ಯಾಕ್ಸಿ ದುಡ್ಡು ಕೊಡಲಿಲ್ಲ. ಮೈಸೂರಲ್ಲಿ ಪ್ಲಾಸ್ಟರ್ ಬಿಚ್ಚಿಸಿದ ಎಂಟುನೂರು ರೂಪಾಯಿಯನ್ನೂ ಕೊಡಲಿಲ್ಲ, ಊರಿಗೆ ಬಂದ ಮೇಲಿನ ಖರ್ಚು ನಮ್ಮ ಪಾಲಿಸಿಯಲ್ಲಿರಲಿಲ್ಲ. ಉಳಿದಿದ್ದೆಲ್ಲ ಬಂತು.

ಈಗ ಮೈದುನನ ಮನೆಯವರು ಜಪಾನ್‌ಗೆ ಹೊರಟಿದ್ದಾರೆ. ಅವರ ಚಿಕ್ಕ ಮಗಳಿಗೆ ಕಡಲೆಕಾಯಿ ಅಲರ್ಜಿ. ಮೂರು ಕಂಪನಿಗೆ ಮೇಲ್ ಹಾಕಿದ್ದೇನೆ, ಎರಡು ಉತ್ತರ ಬಂದಿವೆ. ಮೂರನೆಯವರು ಎಂದಿನಂತೆ ಫೋನ್ ಮಾಡಿದ್ದರು, ಬರೆದು ಕಳಿಸಿ ಅಂದಿದ್ದೇನೆ.