ನಾಲ್ಕಕ್ಷರ ನಂಬಿ ಕೆಲಸ ಹಿಡಿದೆ

ಬಿ.ಕಾಂ ಮುಗಿದ ಹೊಸತರಲ್ಲಿ ಮೊಬೈಲಿನಲ್ಲಿ ಒಂದು ಪುಕ್ಕಟೆ ಪರ್ಸನಾಲಿಟಿ ಟೆಸ್ಟ್ ಮಾಡಿದ್ದೆ. ‘ಐಎನ್‌ಟಿಜೆ’ ಅಂತ ನಾಲ್ಕಕ್ಷರ ಬಂತು, ಒಂದೊಂದು ಅಕ್ಷರ ಒಂದೊಂದು ಸ್ವಭಾವಕ್ಕೆ. ಅಂತರ್ಮುಖಿ, ಒಬ್ಬನೇ ಕೂತು ಮಾಡುವ ಕೆಲಸ ಒಳ್ಳೇದು ಅಂತ ಕೆಳಗೊಂದು ಸಲಹೆ. ನನಗೂ ಅದೇ ಬೇಕಿತ್ತು. ಕೋಲಾರದ ಎಪಿಎಂಸಿಯಲ್ಲಿ ಅಪ್ಪನದು ಟೊಮೆಟೊ ಮಂಡಿ. ಹರಾಜು ಕೂಗಲು ನಿಂತರೆ ನನ್ನ ಗಂಟಲೇ ಕಟ್ಟುತ್ತಿತ್ತು. ತಪ್ಪಿಸಿಕೊಳ್ಳಲು ನೆಪ ಸಿಕ್ಕಿತು.

ನರಸಾಪುರದ ಒಂದು ಕಾರ್ಖಾನೆಯಲ್ಲಿ ಡೇಟಾ ಎಂಟ್ರಿಗೆ ಸೇರಿದೆ. ಮಾತಿಲ್ಲ, ಕತೆಯಿಲ್ಲ, ಸ್ಕ್ರೀನು, ಪಾರ್ಟ್ ನಂಬರು, ಅಷ್ಟೆ. ಎಂಟು ತಿಂಗಳಿಗೆ ಸಾಕುಸಾಕಾಯಿತು. ಅದೇ ಟೆಸ್ಟ್ ಮತ್ತೆ ಮಾಡಿದೆ: ‘ಐಎಸ್‌ಎಫ್‌ಜೆ’. ಎಂಟೇ ತಿಂಗಳಲ್ಲಿ ಎರಡಕ್ಷರ ಅದಲುಬದಲು!

ಆಮೇಲೆ ಕೂತು ಓದಿದೆ. ಈ ಅಕ್ಷರಗಳ ಬೇರು ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಬರೆದ ಪುಸ್ತಕದಲ್ಲಿದೆ. ಅದನ್ನು ಟೆಸ್ಟಾಗಿ ಕಟ್ಟಿದವರು ಅಮೆರಿಕದ ತಾಯಿ-ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್. ಪ್ರತಿ ಅಕ್ಷರಕ್ಕೂ ಎರಡೇ ಆಯ್ಕೆ, ಅಂತರ್ಮುಖಿ ಇಲ್ಲವೇ ಬಹಿರ್ಮುಖಿ ಅನ್ನುವ ಹಾಗೆ. ಎಡವಟ್ಟಿರುವುದು ಆ ಎರಡರ ನಡುವೆ ಗೆರೆ ಎಳೆಯುವುದರಲ್ಲಿ. ಗೆರೆಯ ಹತ್ತಿರ ಇರುವವನು ಒಂದೆರಡು ಉತ್ತರ ಬದಲಿಸಿದರೂ ಆಚೆ ಬೀಳುತ್ತಾನೆ. ಟೊಮೆಟೊವನ್ನು ಕಾಯಿ, ಹಣ್ಣು ಅಂತ ಎರಡೇ ಕ್ರೇಟಿಗೆ ಹಾಕಿದ ಹಾಗೆ. ಬಣ್ಣ ತಿರುಗುತ್ತಿರುವುದನ್ನು ಯಾವುದಕ್ಕೆ ಹಾಕ್ತೀರಿ? ನೌಕರಿಗೆ ಆಳು ಆರಿಸಲು ಇದನ್ನು ಬಳಸಬೇಡಿ ಅಂತ ಅಸಲಿ ಟೆಸ್ಟ್ ಮಾರುವವರೇ ಹೇಳುತ್ತಾರೆ.

ನನಗೆ ಉಪಯೋಗಕ್ಕೆ ಬಂದದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮುಂದಿಟ್ಟ ವಿಚಾರ. ಜನರ ಜೊತೆಗೆ ಕೆಲಸದ ಜಾಗಗಳನ್ನೂ ಆತ ಆರು ಬಗೆಯಾಗಿ ನೋಡಿದ: ಕೈಕೆಲಸ, ಶೋಧನೆ, ಕಲೆ, ಜನರಿಗೆ ನೆರವು, ವ್ಯಾಪಾರ-ಮುಂದಾಳುತನ, ಲೆಕ್ಕಪತ್ರ. ಒಬ್ಬನಲ್ಲೇ ಎರಡು-ಮೂರು ಬೆರೆತಿರುತ್ತವೆ. ಈ ಸಲ ಟೆಸ್ಟಿನ ಗೊಡವೆ ಬೇಡ ಅಂತ ಮೂರು ವಾರ ಡೈರಿ ಬರೆದೆ. ಯಾವ ಕೆಲಸದಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ, ಯಾವುದನ್ನು ನಾಳೆಗೆ ತಳ್ಳಿದೆ, ಎರಡೇ ಕಾಲಂ. ರಜೆಯಲ್ಲಿ ಮಂಡಿಗೆ ಹೋದ ದಿನಗಳೂ ಅದರಲ್ಲಿವೆ.

ಅದು 2023ರ ಜುಲೈ. 15 ಕೆಜಿ ಬಾಕ್ಸು 2000 ರೂಪಾಯಿ ದಾಟಿತ್ತು. ಮಾಲೂರು ಕಡೆಯ ರೈತರೊಬ್ಬರು ಪಟ್ಟಿ ಹಿಡಿದು ಬಂದರು. “ಏನಪ್ಪಾ, 36 ಬಾಕ್ಸ್ ಕಳಿಸಿದ್ದೆ, ಇದ್ರಾಗೆ 35 ಐತಲ್ಲ?” ಗಾಡಿ ಚೀಟಿ ಹುಡುಕಿದೆ, ಹಮಾಲಿ ಅಣ್ಣನನ್ನು ಕರೆದೆ, ಸಾಲು ಸಾಲು ಎಣಿಸಿದೆವು. ಕಳೆದುಹೋದದ್ದು ಪಕ್ಕದ ಮಂಡಿಯ ಸಾಲಿನಲ್ಲಿತ್ತು. ಪೂರ್ತಿ ಒಂದು ಗಂಟೆ ಹಿಡಿಯಿತು. ಅವತ್ತಿನ ಡೈರಿಯಲ್ಲಿ ಇದು ಮೊದಲನೇ ಕಾಲಂನಲ್ಲಿದೆ.

ಅಂದರೆ ನನಗೆ ಜನ ಬೇಡವಾಗಿರಲಿಲ್ಲ, ಗುಂಪಿನ ಮುಂದೆ ಕೂಗುವುದು ಆಗುತ್ತಿರಲಿಲ್ಲ. ಹಾಲೆಂಡನ ಲೆಕ್ಕದಲ್ಲಿ ಲೆಕ್ಕಪತ್ರವೂ ನಾನೇ, ನೆರವೂ ನಾನೇ. ಕಾರ್ಖಾನೆಯಲ್ಲಿ ಸಿಕ್ಕಿದ್ದು ಅರ್ಧ ಮಾತ್ರ. ಅದನ್ನು ಬಿಟ್ಟು ಈಗ ಮಂಡಿಗಳಿಗೆ ಲೆಕ್ಕ ಬರೆಯುತ್ತೇನೆ, ಸಣ್ಣ ಅಂಗಡಿಗಳ ಜಿಎಸ್‌ಟಿ ನೋಡುತ್ತೇನೆ. ಮೊದಲ ವರ್ಷ ಸಂಬಳಕ್ಕಿಂತ ಕಡಿಮೆಯೇ ಬಂತು, ಮನೆಯಲ್ಲಿ ಮಾತೂ ಕೇಳಿದೆ.

ಹರಾಜಿಗೆ ಅಪ್ಪ ತಮ್ಮನನ್ನು ನಿಲ್ಲಿಸಿದ್ದಾರೆ. ಅವನ ದನಿ ಗೇಟಿನವರೆಗೂ ಕೇಳುತ್ತದೆ. ನೀನೂ ಒಂದು ಡೈರಿ ಬರಿಯೋ ಅಂದರೆ, “ಟೈಮಿಲ್ಲ ಬಿಡಣ್ಣ” ಅಂತಾನೆ.