ರೆಡ್ಡಿಚ್ ಬುಲೆಟ್‌ಗೆ ಅದರ ಹಳೇ ನಂಬರ್ ವಾಪಸ್ ಕೊಡಿಸಿದ್ದು

ಇಂಗ್ಲೆಂಡಿನಲ್ಲಿ ಹಳೇ ಬೈಕ್ ಕೊಳ್ಳೋದು ಕಷ್ಟವಲ್ಲ. ಅದಕ್ಕೆ ಕಾಗದಪತ್ರ ಮಾಡಿಸೋದೇ ನಿಜವಾದ ಕೆಲಸ. ನಾನು ಕೋವೆಂಟ್ರಿಯಲ್ಲಿ ಇರುತ್ತೇನೆ. ವೂಸ್ಟರ್‌ಶೈರಿನ ಒಂದು ಶೆಡ್‌ನಲ್ಲಿ ಬಿದ್ದಿದ್ದ 1954ರ ರಾಯಲ್ ಎನ್‌ಫೀಲ್ಡ್ ಬುಲೆಟ್ 350 ತಂದು, ರಿಪೇರಿ ಮಾಡಿ, ರಿಜಿಸ್ಟರ್ ಮಾಡಿಸಿದೆ. ರಿಪೇರಿ ಬಗ್ಗೆ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಕಾಗದದ ಬಗ್ಗೆ ಕನ್ನಡದಲ್ಲಿ ಯಾರೂ ಬರೆದಿದ್ದು ನನಗೆ ಕಾಣಲಿಲ್ಲ. ಅದಕ್ಕೇ ಇದು.

ನಮ್ಮ ಕಡೆ ಬುಲೆಟ್ ಅಂದರೆ ಮದ್ರಾಸಿನ ಗಾಡಿ. ಅಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಗಿದ್ದು 1955ರಲ್ಲಿ. ನನ್ನದು ಅದಕ್ಕಿಂತ ಮುಂಚಿನದು, ರೆಡ್ಡಿಚ್ ಕಾರ್ಖಾನೆಯದ್ದು. ರೆಡ್ಡಿಚ್ ಇರೋದೂ ವೂಸ್ಟರ್‌ಶೈರಿನಲ್ಲೇ. ಗಾಡಿಗೆ ಲಾಗ್ ಬುಕ್, ಅಂದರೆ ನಮ್ಮ ಆರ್‌ಸಿಯಂಥ ನೋಂದಣಿ ಪುಸ್ತಕ, ಇರಲಿಲ್ಲ. ಹಿಂದಿನ ಮಡ್‌ಗಾರ್ಡ್ ಮೇಲೆ ತುಕ್ಕು ಹಿಡಿದ ನಂಬರ್ ಪ್ಲೇಟ್ ಮಾತ್ರ ಇತ್ತು. ಅದರ ಕೊನೇ ಅಕ್ಷರಗಳು ಡಬ್ಲ್ಯೂಪಿ, ಅಂದರೆ ವೂಸ್ಟರ್‌ಶೈರಿನ ಗುರುತು. ಹುಟ್ಟಿದ ಜಿಲ್ಲೆಯಲ್ಲೇ ರಿಜಿಸ್ಟರ್ ಆಗಿ, ಅಲ್ಲೇ ಓಡಾಡಿ, ಅಲ್ಲೇ ಮೂಲೆ ಸೇರಿದ ಗಾಡಿ. ಈ ನಂಬರೇ ಅದಕ್ಕೆ ವಾಪಸ್ ಬರಬೇಕು ಅಂತ ಅವತ್ತೇ ಅನ್ನಿಸಿತು.

ನಮ್ಮಲ್ಲಿ ಊರೂರಿನ ಆರ್‌ಟಿಓ ಮಾಡುವ ಕೆಲಸವನ್ನು ಇಲ್ಲಿ ಸ್ವಾನ್ಸಿಯಲ್ಲಿರುವ ಡಿವಿಎಲ್‌ಎ ಒಂದೇ ಮಾಡುತ್ತದೆ. ಮೊದಲು ಹಾಗಿರಲಿಲ್ಲ. ಎಪ್ಪತ್ತರ ದಶಕದವರೆಗೂ ಆಯಾ ಜಿಲ್ಲೆಯ ಕೌನ್ಸಿಲ್‌ನವರೇ ದಪ್ಪ ರಿಜಿಸ್ಟರ್ ಪುಸ್ತಕದಲ್ಲಿ ಕೈಯಲ್ಲಿ ಬರೆದಿಡುತ್ತಿದ್ದರು. ಆಮೇಲೆ ಎಲ್ಲ ಕಂಪ್ಯೂಟರಿಗೆ ಹೋಯಿತು. 1983ರ ನವೆಂಬರ್ ಕೊನೆಯೊಳಗೆ ಹಳೇ ಲಾಗ್ ಬುಕ್ ಕೊಟ್ಟು ಹೊಸದಕ್ಕೆ ಬದಲಾಯಿಸಿಕೊಳ್ಳದ ಗಾಡಿಗಳು ದಾಖಲೆಯಿಂದಲೇ ಬಿಟ್ಟುಹೋದವು. ಶೆಡ್ಡು, ಕೊಟ್ಟಿಗೆಗಳಲ್ಲಿ ಸಿಗುವ ಬೈಕುಗಳಿಗೆ ಕಾಗದ ಇಲ್ಲದಿರೋದಕ್ಕೆ ದೊಡ್ಡ ಕಾರಣ ಇದು. ಕದ್ದ ಮಾಲು ಅಂತ ಗಾಬರಿಯಾಗಬೇಕಿಲ್ಲ. ಆದರೂ ಕೊಳ್ಳುವಾಗ ಮಾರುವವರ ಹೆಸರು, ವಿಳಾಸ, ಫ್ರೇಮ್ ನಂಬರ್ ಬರೆದು ಸಹಿ ಹಾಕಿದ ರಸೀದಿ ಇಸ್ಕೊಳ್ಳಲೇಬೇಕು.

ಇಂಥ ಗಾಡಿಗೆ ಎರಡು ದಾರಿ ಇವೆ. ವಿ55/5 ಅನ್ನೋ ಫಾರಂ ತುಂಬಿ ಕಳಿಸಿದರೆ ಗಾಡಿಯ ವಯಸ್ಸಿಗೆ ಹೊಂದುವ ಯಾವುದೋ ಒಂದು ನಂಬರ್ ಕೊಡುತ್ತಾರೆ. ಗಾಡಿ ಯಾವ ಕಾಲದ್ದು ಅಂತ ಒಂದು ಕ್ಲಬ್ಬಿನ ಸರ್ಟಿಫಿಕೇಟ್ ಇದ್ದರೆ ಸಾಕು. ಜಾಸ್ತಿ ಜನ ಇದನ್ನೇ ಮಾಡುತ್ತಾರೆ. ಇನ್ನೊಂದು ದಾರಿಗೆ ಅದರ ಜೊತೆ ವಿ765 ಅನ್ನೋ ಫಾರಂ ಕೂಡ ಬೇಕು. ಅದರಲ್ಲಿ ಗಾಡಿಯ ಮೂಲ ನಂಬರೇ ವಾಪಸ್ ಸಿಗುತ್ತದೆ. ಹಾಗೆ ಸಿಕ್ಕ ನಂಬರನ್ನು ಬೇರೆ ಗಾಡಿಗೆ ವರ್ಗ ಮಾಡಿಸಲು ಬಿಡುವುದಿಲ್ಲ. ಅದು ಬಹಳ ಒಳ್ಳೇ ನಿಯಮ. ಇಲ್ಲದಿದ್ದರೆ ಫ್ಯಾನ್ಸಿ ನಂಬರ್ ವ್ಯಾಪಾರಿಗಳು ಒಂದು ಹಳೇ ಗಾಡಿಯನ್ನೂ ಬಿಡುತ್ತಿರಲಿಲ್ಲ.

ವಿ765ಕ್ಕೆ ಬೇಕಾದ ಮುಖ್ಯ ವಿಷಯ ಒಂದೇ: ಈ ನಂಬರ್ ಈ ಫ್ರೇಮಿನದೇ ಅನ್ನೋದಕ್ಕೆ ಆ ಕಾಲದ ದಾಖಲೆ. ಬರೀ ಪ್ಲೇಟ್ ಇದ್ದರೆ ಸಾಲದು, ಪ್ಲೇಟನ್ನು ಯಾರು ಬೇಕಾದರೂ ಬರೆಸಬಹುದಲ್ವಾ. ಹಳೇ ಲಾಗ್ ಬುಕ್ ಸಿಕ್ಕರೆ ಪುಣ್ಯ. ನನಗೆ ಸಿಗಲಿಲ್ಲ. ಉಳಿದಿದ್ದು ಕೌನ್ಸಿಲ್‌ನ ಹಳೇ ರಿಜಿಸ್ಟರ್. ಎಷ್ಟೋ ಜಿಲ್ಲೆಗಳ ರಿಜಿಸ್ಟರುಗಳನ್ನು ಕಂಪ್ಯೂಟರ್ ಬಂದ ಮೇಲೆ ಎಸೆದುಬಿಟ್ಟಿದ್ದಾರೆ. ಉಳಿದವು ಜಿಲ್ಲಾ ದಾಖಲೆ ಭಂಡಾರಗಳಲ್ಲಿವೆ, ಕೆಲವು ಟ್ರಸ್ಟ್‌ಗಳ ಹತ್ತಿರವೂ ಇವೆ. ಹುಡುಕಿಸಿ, ಶುಲ್ಕ ಕಟ್ಟಿ, ದೃಢೀಕರಿಸಿದ ನಕಲು ತರಿಸಿಕೊಂಡೆ.

ಆ ಒಂದು ಹಾಳೆ ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಇಂಕ್ ಪೆನ್ನಿನ ಓರೆ ಅಕ್ಷರ. ನಂಬರ್, ತಾರೀಖು, ತಯಾರಕರ ಹೆಸರು, ಫ್ರೇಮ್ ನಂಬರ್, ಮೊದಲ ಮಾಲೀಕರ ಹೆಸರು, ಎಲ್ಲ ಒಂದೇ ಸಾಲಿನಲ್ಲಿ. ಫ್ರೇಮ್ ನಂಬರಿನ ಒಂದು ಅಂಕಿ ಮಾತ್ರ 1 ಅಂತಲೂ ಓದಬಹುದು, 7 ಅಂತಲೂ ಓದಬಹುದು. ಅದನ್ನು ಬಗೆಹರಿಸಿದ್ದು ರಾಯಲ್ ಎನ್‌ಫೀಲ್ಡ್ ಓನರ್ಸ್ ಕ್ಲಬ್. ಕಾರ್ಖಾನೆಯಿಂದ ಗಾಡಿ ಹೊರಟಾಗ ಬರೆದಿಟ್ಟ ಲೆಡ್ಜರ್ ವಿವರ ಅವರ ಹತ್ತಿರ ಇದೆ. ಎಂಜಿನ್ ನಂಬರ್ ಹೇಳಿದರೆ ಅದಕ್ಕೆ ಜೋಡಿಯಾದ ಫ್ರೇಮ್ ನಂಬರ್ ಸಿಗುತ್ತದೆ.

ಕ್ಲಬ್ಬಿನವರಿಗೆ ತೋರಿಸಲು ಫ್ರೇಮ್ ನಂಬರಿನ ಅಚ್ಚನ್ನು ಕಾಗದದ ಮೇಲೆ ತೆಗೆಯೋದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಲ್ಲಿ ಕೈ ತಪ್ಪಿದರೆ ಸರಿಮಾಡೋಕೆ ಆಗಲ್ಲ. ನಂಬರ್ ಇರೋದು ಹೆಡ್‌ಸ್ಟಾಕ್ ಹತ್ತಿರ, ಅಂದರೆ ಹ್ಯಾಂಡಲ್ ಕೂರುವ ಫ್ರೇಮಿನ ಮುಂತುದಿಯಲ್ಲಿ. ಮೇಲೆ ಎಷ್ಟೋ ಪದರ ಪೇಂಟ್. ಗ್ರೈಂಡರ್ ಮುಟ್ಟಿಸಬಾರದು, ಉಪ್ಪುಕಾಗದವೂ ಬೇಡ. ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಾಗಲು ಬಿಟ್ಟು, ನೈಲಾನ್ ಬ್ರಷ್‌ನಲ್ಲಿ ನಿಧಾನಕ್ಕೆ ಉಜ್ಜಬೇಕು. ಅಂಕಿಗಳ ಒಳಗೆ ಕೂತಿರುವ ಬಣ್ಣವನ್ನು ಮರದ ಕಡ್ಡಿಯಲ್ಲಿ ಕೆದಕಬೇಕು. ಆಮೇಲೆ ತೆಳು ಕಾಗದ ಬಿಗಿಯಾಗಿ ಹಿಡಿದು, ಮೆತ್ತನೆ ಪೆನ್ಸಿಲನ್ನು ಅಡ್ಡ ಮಲಗಿಸಿ ತೀಡಿದರೆ ಅಂಕಿಗಳು ಬೆಳ್ಳಗೆ ಎದ್ದು ಬರುತ್ತವೆ. ಕಾರ್ಖಾನೆಯ ಮೂಲ ಪಂಚು ಹೇಗಿರುತ್ತದೆ ಅಂತ ಕ್ಲಬ್ಬಿನವರಿಗೆ ಗೊತ್ತು. ಅಂಕಿ ಮಾಸಿದೆ ಅಂತ ಯಾರಾದರೂ ಮೇಲೆ ಮತ್ತೆ ಪಂಚ್ ಹೊಡೆದಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ, ಆಮೇಲೆ ಯಾರೂ ನಂಬುವುದಿಲ್ಲ.

ಕ್ಲಬ್ಬಿನ ಹಿರಿಯರೊಬ್ಬರು ಮನೆಗೇ ಬಂದು ಗಾಡಿ ನೋಡಿ ಫಾರಂಗೆ ಸಹಿ ಹಾಕಿದರು. ಡಿವಿಎಲ್‌ಎ ಪಟ್ಟಿಯಲ್ಲಿರುವ ಕ್ಲಬ್ಬಿನ ಸಹಿಗೇ ಬೆಲೆ. ಅದರ ಜೊತೆ ಗಾಡಿಯ ಫೋಟೋಗಳು, ಡ್ರೈವಿಂಗ್ ಲೈಸೆನ್ಸ್ ನಕಲು, ವಿಮೆಯ ಕಾಗದ ಸೇರಿಸಿ ಕಳಿಸಿದೆ. ನಂಬರ್ ಬರುವ ಮುಂಚೆ ವಿಮೆ ಹೇಗೆ ಅಂತ ಕೇಳಬಹುದು. ಹಳೇ ಬೈಕುಗಳಿಗೇ ವಿಮೆ ಮಾಡುವ ಕಂಪನಿಗಳು ಫ್ರೇಮ್ ನಂಬರ್ ಮೇಲೆ ಪಾಲಿಸಿ ಕೊಡುತ್ತವೆ, ಆಮೇಲೆ ನಂಬರ್ ಸೇರಿಸುತ್ತವೆ.

ಇನ್ನು ಎಂಒಟಿ ವಿನಾಯಿತಿ. ಎಂಒಟಿ ಅಂದರೆ ವರ್ಷಕ್ಕೊಮ್ಮೆ ಗಾಡಿ ರಸ್ತೆಗೆ ಯೋಗ್ಯವೇ ಅಂತ ನೋಡುವ ಪರೀಕ್ಷೆ. 2012ರಲ್ಲಿ 1960ಕ್ಕಿಂತ ಹಿಂದಿನ ಗಾಡಿಗಳಿಗೆ ಇದನ್ನು ಬಿಟ್ಟರು. 2018ರ ಮೇ 20ರಿಂದ 40 ವರ್ಷ ದಾಟಿದ ಗಾಡಿಗಳಿಗೂ ಬಿಟ್ಟರು, ಆದರೆ ಕಳೆದ 30 ವರ್ಷದಲ್ಲಿ ಗಾಡಿಯಲ್ಲಿ ಭಾರಿ ಬದಲಾವಣೆ ಆಗಿರಬಾರದು. ಇದನ್ನು ಯಾರೂ ಬಂದು ಪರೀಕ್ಷೆ ಮಾಡುವುದಿಲ್ಲ. ವಿ112 ಅನ್ನೋ ಫಾರಂನಲ್ಲಿ ಮಾಲೀಕರೇ ಘೋಷಿಸಿ ಸಹಿ ಹಾಕಬೇಕು. ಸಹಿ ನಮ್ಮದು, ಹೊಣೆಯೂ ನಮ್ಮದು. ಸುಮ್ನೆ ಗೀಚುವ ಸಹಿ ಅಲ್ಲ ಇದು.

ನನ್ನ ಗಾಡಿಯ ವಿಷಯದಲ್ಲಿ ಯೋಚಿಸಬೇಕಾಗಿ ಬಂದಿದ್ದು ಇಂಡಿಯಾದ ಬಿಡಿಭಾಗಗಳ ಬಗ್ಗೆ. ಪಿಸ್ಟನ್, ಗ್ಯಾಸ್ಕೆಟ್, ಕೇಬಲ್‌ಗಳನ್ನು ನಾನು ಬೆಂಗಳೂರಿಗೆ ಹೋದಾಗ ಜೆ.ಸಿ. ರೋಡಿನಿಂದ ತಂದಿದ್ದೆ. ರೆಡ್ಡಿಚ್, ಮದ್ರಾಸ್ ಎರಡೂ ಕಡೆಯ 350ಗೂ ಬೋರ್ (ಸಿಲಿಂಡರಿನ ಒಳಅಗಲ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ಉದ್ದ) 90 ಮಿ.ಮೀ. ಆದರೂ ಪಿಸ್ಟನ್ ಹಾಗೇ ತೂರಿಸೋ ಹಾಗಿಲ್ಲ, ಅಳತೆ ನೋಡಿ ಸಿಲಿಂಡರನ್ನು ಅದಕ್ಕೆ ತಕ್ಕಂತೆ ಕೊರೆಸಬೇಕು. ನಿಯಮದಲ್ಲಿ ಮೋಟಾರ್‌ಸೈಕಲ್‌ಗೆ ಮುಖ್ಯವಾಗಿ ನೋಡೋದು ಫ್ರೇಮ್ ಮತ್ತು ಎಂಜಿನ್. ಸವೆದ ಭಾಗ ತೆಗೆದು ಅದೇ ಮಾದರಿಯದು ಹಾಕಿದರೆ ಅದು ಬದಲಾವಣೆ ಅನ್ನಿಸಿಕೊಳ್ಳುವುದಿಲ್ಲ. ಒಂದೇ ಮೂಲದ ಎಂಜಿನ್‌ನಲ್ಲಿ ಸಿಸಿ ಬೇರೆ ಆದರೂ ನಡೆಯುತ್ತದೆ. ಹಾಗಾಗಿ ಬುಲೆಟ್ ಫ್ರೇಮಿಗೆ ಬುಲೆಟ್ 500ರ ಎಂಜಿನ್ ಕೂರಿಸಿದವರಿಗೂ ಭಯವಿಲ್ಲ. ಬುಲೆಟ್ ಫ್ರೇಮಿಗೆ ಡೀಸೆಲ್ ಎಂಜಿನ್ ಹಾಕುವವರು ಇಲ್ಲಿ ಇದ್ದಾರೆ. ಅಂಥ ಗಾಡಿಗೆ ವಿ112 ಮೇಲೆ ನಾನಂತೂ ಸಹಿ ಹಾಕುವುದಿಲ್ಲ.

ವಿನಾಯಿತಿ ಸಿಕ್ಕಿದ ಮೇಲೂ ನಾನು ವರ್ಷಕ್ಕೊಮ್ಮೆ ಎಂಒಟಿಗೆ ಒಯ್ಯುತ್ತೇನೆ. ಬೈಕಿಗೆ ಹೆಚ್ಚೆಂದರೆ 29.65 ಪೌಂಡ್. ಪರೀಕ್ಷೆ ಬೇಡ ಅಂದ ಮಾತ್ರಕ್ಕೆ ಗಾಡಿ ಸರಿ ಇರಬೇಕು ಅನ್ನೋ ಕಾನೂನು ಹೋಗಿಲ್ಲ. ರಸ್ತೆಗೆ ಯೋಗ್ಯವಲ್ಲದ ಗಾಡಿ ಓಡಿಸಿದರೆ 2,500 ಪೌಂಡ್‌ವರೆಗೂ ದಂಡ ಬೀಳಬಹುದು. ದಂಡಕ್ಕಿಂತ ದೊಡ್ಡದು ಎದುರಿಗೆ ಬರುವವರ ಜೀವ. ದಿನಾ ನೋಡುವ ಗಾಡಿಯ ಸಡಿಲ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗಿಂಗ್ ಆರ್ಮ್‌ನ ಬುಶ್ ಸವೆದು ಹಿಂದಿನ ಚಕ್ರ ಪಕ್ಕಕ್ಕೆ ಕೂದಲೆಳೆಯಷ್ಟು ಆಡುತ್ತಿದ್ದುದನ್ನು ಕಂಡುಹಿಡಿದು ಹೇಳಿದ್ದು ಪರೀಕ್ಷೆ ಮಾಡಿದ ಮೆಕ್ಯಾನಿಕ್ಕೇ. ಹಳೇ ಗಾಡಿ ಇಟ್ಟುಕೊಂಡವರೆಲ್ಲ ಹೀಗೆ ಮಾಡಲಿ ಅಂತ ನನ್ನ ಮನಸಾರೆ ಆಸೆ.

ರಸ್ತೆ ತೆರಿಗೆ ಸೊನ್ನೆ. ಆದರೂ ಪ್ರತಿ ವರ್ಷ ಟ್ಯಾಕ್ಸ್ ಮಾಡಿಸಲೇಬೇಕು, ದುಡ್ಡು ಕಟ್ಟೋದು ಇಲ್ಲ ಅಷ್ಟೇ. ಕಪ್ಪು ಪ್ಲೇಟ್ ಮೇಲೆ ಬೆಳ್ಳಿ ಅಕ್ಷರ ಹಾಕಿಸಲೂ ಅನುಮತಿ ಇದೆ. ಹಾಕಿಸಿದ್ದೇನೆ.

ಊರಿನಲ್ಲಿರುವ ಅಪ್ಪನ ಬುಲೆಟ್ಟೋ, ಮೈಸೂರಿನ ಜಾವಾನೋ ಇಲ್ಲಿಗೆ ತರಬಹುದಾ ಅಂತ ಇಲ್ಲಿನ ಕನ್ನಡದ ಗೆಳೆಯರು ಕೇಳುತ್ತಿರುತ್ತಾರೆ. ತರಬಹುದು. ಗಾಡಿ ಬಂದ 14 ದಿನದೊಳಗೆ ಇಲ್ಲಿನ ತೆರಿಗೆ ಇಲಾಖೆಯ ನೋವಾ ವ್ಯವಸ್ಥೆಯಲ್ಲಿ ತಿಳಿಸಬೇಕು. 30 ವರ್ಷ ದಾಟಿ, ಮೂಲ ಸ್ಥಿತಿಯಲ್ಲಿದ್ದು, ಆ ಮಾಡೆಲ್ ಈಗ ತಯಾರಾಗುತ್ತಿಲ್ಲ ಅಂತಾದರೆ ಐತಿಹಾಸಿಕ ವಸ್ತು ಅಂತ ಶೇ. 5ರ ವ್ಯಾಟ್ ಕೇಳಿಕೊಳ್ಳಬಹುದು. ಇಲ್ಲಿ ಮುಂಚೆ ನಂಬರ್ ಇರಲಿಲ್ಲವಾದ್ದರಿಂದ ವಿ765 ಅನ್ವಯಿಸುವುದಿಲ್ಲ, ವಯಸ್ಸಿಗೆ ತಕ್ಕ ನಂಬರೇ ಸಿಗೋದು. ಹಡಗು ಹತ್ತಿಸುವ ಮುಂಚೆ ಊರಿನ ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿಯ ಮೇಲಿರುವುದಕ್ಕೆ ಅಂಕಿ ಅಂಕಿಗೂ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಅಲ್ಲೇ ಸರಿಮಾಡಿಸಿ. ಮೂಲ ಆರ್‌ಸಿ ಜೊತೆಗೇ ಬರಲಿ, ಡಿವಿಎಲ್‌ಎ ಅದನ್ನು ಕೇಳುತ್ತದೆ.