ಕಛೇರಿ ರೆಕಾರ್ಡಿಂಗಿನ ವೇಗ, ಶ್ರುತಿ ಬದಲಿಸಲು ನಾನು ಬಳಸುವ ಸಾಧನಗಳು

ಕರ್ನಾಟಕ ಸಂಗೀತದ ರೆಕಾರ್ಡಿಂಗನ್ನು ಅಭ್ಯಾಸಕ್ಕೆ ನಿಧಾನ ಮಾಡಬೇಕೆಂದರೆ ನಾನು ಮೊದಲು ನೋಡುವುದು ಅದರಲ್ಲಿ ಏನೇನು ಕೇಳಿಸುತ್ತಿದೆ ಎಂಬುದನ್ನು. ಸಾಫ್ಟ್‌ವೇರ್ ಆಯ್ಕೆ ಆಮೇಲೆ.

ಬರೀ ಗಾಯನವಾದರೆ ಸೌಂಡ್‌ಟಚ್ ಅಥವಾ ಸಾಕ್ಸ್ (SoX) ಎಂಬ ಸಾಫ್ಟ್‌ವೇರಿನ ಟೆಂಪೋ ಆಯ್ಕೆ ಸಾಕು. ಇವು ಧ್ವನಿಯನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ ಒಂದರ ಮೇಲೊಂದು ಹೊಂದಿಸುತ್ತವೆ. ಗಮಕದ ತಿರುವುಗಳು ಕೆಡುವುದಿಲ್ಲ. ಆದರೆ ನಿಧಾನ ಮಾಡುವಾಗ ಕೆಲವು ತುಣುಕುಗಳು ಎರಡೆರಡು ಸಲ ಬರುವುದರಿಂದ ಮೃದಂಗದ ‘ತಾ’ ‘ತತಾ’ ಆಗುತ್ತದೆ, ತಂಬೂರಿಯ ನಾದ ನಡುಗುತ್ತದೆ. ಸಾಕ್ಸ್‌ನಲ್ಲಿ ತುಣುಕಿನ ಉದ್ದ ಸಾಮಾನ್ಯವಾಗಿ 82 ಮಿಲಿಸೆಕೆಂಡ್. ಅರ್ಧ ವೇಗಕ್ಕೆ ಇಳಿಸುವಾಗ 41 ಕೊಟ್ಟರೆ ಕೊಂಚ ವಾಸಿ.

ಪಕ್ಕವಾದ್ಯವೂ ಇದ್ದರೆ ನನ್ನ ಆಯ್ಕೆ ರಬ್ಬರ್ ಬ್ಯಾಂಡ್ ಎಂಬ ಸಾಫ್ಟ್‌ವೇರ್. 2022ರಲ್ಲಿ ಬಂದ 3ನೇ ಆವೃತ್ತಿಯ ಆರ್3 ಎಂಜಿನ್ ಕೆಲಸದಲ್ಲಿ ನಿಧಾನ, ಆದರೆ ಕಂಠ, ಪಿಟೀಲು, ತಂಬೂರಿ ಮೂರನ್ನೂ ಒಟ್ಟಿಗೆ ಚೆನ್ನಾಗಿ ಹಿಡಿಯುತ್ತದೆ. ತನಿ ಆವರ್ತನಕ್ಕೆ (ತಾಳವಾದ್ಯ ಒಂದೇ ನುಡಿಯುವ ಭಾಗಕ್ಕೆ) ಮಾತ್ರ ಹಳೆಯ ಆರ್2 ಎಂಜಿನ್ ಹಾಕಿ ಕ್ರಿಸ್ಪ್‌ನೆಸ್ 6 ಇಡುತ್ತೇನೆ. ಪೆಟ್ಟು ಚುರುಕಾಗಿ ಉಳಿಯುತ್ತದೆ. ಧ್ವನಿ ತಿದ್ದುವ ಸಾಫ್ಟ್‌ವೇರಾದ ಒಡಾಸಿಟಿಯಲ್ಲಿ ಟೆಂಪೋ ಬದಲಿಸುವಾಗ ‘ಹೈ ಕ್ವಾಲಿಟಿ’ ಗುರುತು ಹಾಕಿದರೆ ಸೌಂಡ್‌ಟಚ್ ಬದಲು ಬೇರೆ ವಿಧಾನ ಓಡುತ್ತದೆ. ಆಲಾಪನೆಗೆ ಅದು ಹಿತ, ಮೃದಂಗಕ್ಕೆ ಮಂಕು.

ಹೆಚ್ಚಿನವರು ಎಡವುವುದು ಅಂಕಿಗಳಲ್ಲಿ. ಶೇ. 80ರ ವೇಗ ಬೇಕಿದ್ದರೆ ಸಾಕ್ಸ್‌ಗೆ 0.8, ಒಡಾಸಿಟಿಗೆ -20, ರಬ್ಬರ್ ಬ್ಯಾಂಡಿನ ಟೈಮ್ ಆಯ್ಕೆಗೆ 1.25, ಏಕೆಂದರೆ ಅದು ಕೇಳುವುದು ವೇಗವನ್ನಲ್ಲ, ಉದ್ದವನ್ನು. ಶ್ರುತಿಯಲ್ಲೂ ಇದೇ ಗೊಂದಲ: ರಬ್ಬರ್ ಬ್ಯಾಂಡ್ ಸೆಮಿಟೋನ್ (ಹಾರ್ಮೋನಿಯಮ್ಮಿನ ಅಕ್ಕಪಕ್ಕದ ಎರಡು ಮನೆಗಳ ಅಂತರ) ಕೇಳಿದರೆ ಸಾಕ್ಸ್ ಸೆಂಟ್ (ಅದರ ನೂರನೇ ಒಂದು ಪಾಲು) ಕೇಳುತ್ತದೆ. ಎರಡು ಸೆಮಿಟೋನ್ ಇಳಿಸಲು ಒಂದಕ್ಕೆ -2, ಇನ್ನೊಂದಕ್ಕೆ -200. ಸಾಕ್ಸ್‌ಗೆ -2 ಕೊಟ್ಟು ‘ಏನೂ ಬದಲಾಗಲಿಲ್ಲ’ ಎನ್ನುವವರು ಬೇಕಾದಷ್ಟಿದ್ದಾರೆ.

ಗಾಯಕಿಯ ಜಿ ಶ್ರುತಿಯನ್ನು ಸಿ ಶ್ರುತಿಯ ವಿದ್ಯಾರ್ಥಿಗೆ ಹೊಂದಿಸಲು 7 ಸೆಮಿಟೋನ್ ಇಳಿಸಬೇಕು, ಇಲ್ಲವೇ 5 ಏರಿಸಬೇಕು. ಇಳಿಸಿದರೆ ರಾಕ್ಷಸನ ಗಂಟಲು, ಏರಿಸಿದರೆ ಮಗುವಿನ ಕೀಚುದನಿ. ಸ್ವರದ ಜೊತೆಗೆ ಗಂಟಲು, ಬಾಯಿಯ ಅನುರಣನವೂ ಜರುಗುವುದೇ ಕಾರಣ. ಅದನ್ನು ತಡೆಯುವ ಫಾರ್ಮಂಟ್ ಆಯ್ಕೆ ಒಂಟಿ ಕಂಠಕ್ಕೆ ಚೆನ್ನ. ಇಡೀ ಕಛೇರಿಗೆ ಹಾಕಿದರೆ ಪಿಟೀಲಿನ ನಾದವೇ ಕೆಡುತ್ತದೆ. ಪಕ್ಕವಾದ್ಯ ಇರುವ ಫೈಲಿನಲ್ಲಿ ನಾನು 3 ಸೆಮಿಟೋನ್ ದಾಟುವುದಿಲ್ಲ. ದಾಟಿಸಿದ ಫೈಲಿನಿಂದ ಸಂಗತಿ, ಲೆಕ್ಕ ಕಲಿಯಬಹುದು, ಕಂಠ ತಿದ್ದಿಕೊಳ್ಳಲು ಅದು ಬೇಡ.

ಹಳೆಯ ಕ್ಯಾಸೆಟ್ಟಿನ ಕಥೆಯೇ ಬೇರೆ. ಟೇಪು ಜೋರಾಗಿ ಓಡಿದ್ದರೆ ಶ್ರುತಿಯೂ ಕಾಲಪ್ರಮಾಣವೂ ಒಟ್ಟಿಗೇ ಏರಿರುತ್ತವೆ. ಅಲ್ಲಿ ಪಿಚ್ ಶಿಫ್ಟ್ ಮುಟ್ಟಲೇಬಾರದು, ಸ್ಪೀಡ್ ಬದಲಿಸಬೇಕು. ಸಿ ಶ್ರುತಿಯ ಷಡ್ಜ 130.8 ಹರ್ಟ್ಸ್. ಟ್ಯೂನರ್ 134.7 ತೋರಿಸಿದರೆ ಸುಮಾರು 51 ಸೆಂಟ್ ಹೆಚ್ಚು, ಸ್ಪೀಡನ್ನು 0.971ಕ್ಕೆ ಇಳಿಸಿದರೆ ಎರಡೂ ಸರಿಹೋಗುತ್ತವೆ, ನಡುಕವಾಗಲಿ ಮಂಕಾಗಲಿ ಸೇರುವುದಿಲ್ಲ. ಆ ಗಾಯಕರು ಸಾಮಾನ್ಯವಾಗಿ ಹಾಡುವ ಶ್ರುತಿ ಯಾವುದೆಂದು ಬೇರೆ ರೆಕಾರ್ಡಿಂಗಿನಲ್ಲಿ ಮೊದಲು ಕೇಳಿಕೊಳ್ಳಿ.

ಎಂಪಿ3 ಇದ್ದರೆ ವೇವ್‌ಗೆ ಬದಲಿಸಿ, 3 ಡೆಸಿಬೆಲ್ ತಗ್ಗಿಸಿ ಶುರುಮಾಡುತ್ತೇನೆ. ಇಲ್ಲದಿದ್ದರೆ ಪೆಟ್ಟುಗಳು ಮಿತಿ ಮೀರಿ ಒಡಕಾಗಬಹುದು. ವೇಗ, ಶ್ರುತಿ ಎರಡನ್ನೂ ಬದಲಿಸುವುದಿದ್ದರೆ ಒಂದೇ ಸಲಕ್ಕೆ, ಮೂಲ ಫೈಲಿನಿಂದಲೇ. ಪರೀಕ್ಷೆಗೆ ಆಲಾಪನೆ ಮುಗಿದು ಮೃದಂಗ ಸೇರಿಕೊಳ್ಳುವ ಜಾಗದ 20 ಸೆಕೆಂಡ್ ಸಾಕು.